ಅಣ್ಣ ಓದಿದ ಕರಾರು

ಜೂನ್ 12
ಕೆಂಟಕಿ

ಲೋ ಕಡ್ಡಿ,

ನೀನು ಬಂದುಹೋಗಿ ಮೂರು ವಾರವಾಯಿತು. ಜೈಲಿನ ಭೇಟಿ ಕೋಣೆಯಲ್ಲಿ ನಿನ್ನ ಮೊಣಕಾಲು ತಗುಲಿ ಮೇಜು ಮಗುಚಿತಲ್ಲ, ಅದನ್ನು ಆಡಿಕೊಂಡು ಇಲ್ಲಿ ಇನ್ನೂ ನಗುತ್ತಿದ್ದಾರೆ. ನನ್ನ ಜೊತೆ ಇದೇ ಕೋಣೆಯಲ್ಲಿರುವ ಮುದುಕ ಅಮೋಸ್ ಟಿಬ್ಸ್, "ನಿನ್ ತಮ್ಮ ಕೂತಾಗ್ಲೇ ನನ್ನಷ್ಟು ಎತ್ತರ ಇದಾನಲ್ಲೋ, ಅವನಿಗೆ ಹೊದಿಸೋಕೆ ನಿಮ್ಮಮ್ಮ ಎಷ್ಟು ಕಂಬಳಿ ಸೇರಿಸಿ ಹೊಲೀತಿದ್ಳೋ" ಅಂದ. ಅವನು ಹೊರಗಿದ್ದಾಗ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಬಾಯಿ ಜೋರು, ಮನಸ್ಸು ಒಳ್ಳೆಯದು.

ಅವತ್ತು ಎದುರಿಗೆ ಹೇಳಲು ನಾಚಿಕೆಯಾದ ಒಂದು ವಿಷಯ ಇಲ್ಲಿ ಬರೆಯುತ್ತೇನೆ. ನಾನು ಒಳಗೆ ಬಂದು ಹದಿಮೂರು ವರ್ಷ. ನೀನು ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆಡಲು ಶುರು ಮಾಡಿ ನಾಲ್ಕು ವರ್ಷ. ಆದರೆ ನೀನು ಆಡಿದ್ದನ್ನು ನಾನು ಒಂದು ನಿಮಿಷವೂ ನೋಡಿಲ್ಲ. ಇಲ್ಲಿನ ಟಿವಿಗೆ ಹತ್ತಿರದ ಲೂಯಿವಿಲ್ ತಂಡದ ಆಟ ಮಾತ್ರ ಬರುತ್ತದೆ. ಲೂಯಿವಿಲ್‌ನವರು ನಿಮ್ಮ ಸಿಯಾಟಲ್‌ಗೆ ಹೋಗಿ ಆಡುವ ಹೊತ್ತಿಗೆ ಇಲ್ಲಿ ರಾತ್ರಿ ಹತ್ತು ದಾಟಿ ಟಿವಿ ಆರಿಸಿಬಿಟ್ಟಿರುತ್ತಾರೆ. ನೀವು ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತೀರಿ ನಿಜ. ಮೊದಲ ವರ್ಷ ನಿನ್ನನ್ನು ಬೆಂಚಿನಿಂದ ಏಳಿಸಲೇ ಇಲ್ಲ. ಎರಡನೇ ವರ್ಷ ನಿನ್ನ ಕಾಲು ಉಳುಕಿತ್ತು. ಮೂರನೇ ವರ್ಷ ಇಲ್ಲಿ ಎರಡು ಗುಂಪಿಗೆ ಹೊಡೆದಾಟವಾಗಿ ನಮ್ಮನ್ನೆಲ್ಲ ಕೋಣೆಯೊಳಗೆ ಕೂಡಿಹಾಕಿದರು. ಈ ವರ್ಷ ಬಿರುಗಾಳಿಗೆ ಆಂಟೆನಾ ಬಿತ್ತು. ನನ್ನ ಹಣೆಬರಹದ ಮೇಲೆ ನನಗೇ ನಗು ಬರುತ್ತದೆ.

ಚರ್ಚಿನ ಹಿಂದಿನ ಓಣಿಯಲ್ಲಿ ಹಾಲಿನ ಕ್ರೇಟಿನ ತಳ ಒಡೆದು, ದೀಪದ ಕಂಬಕ್ಕೆ ಕಟ್ಟಿ ನಿನಗೆ ಚೆಂಡು ಎಸೆಯುವುದನ್ನು ಹೇಳಿಕೊಟ್ಟವನು ನಾನು. ಎಸೆಯುವಾಗ ನಿನ್ನ ಬಲ ಮೊಣಕೈ ಹೊರಗೆ ಹಾರುತ್ತಿತ್ತು. ಅದನ್ನು ನನ್ನ ಅಂಗೈಯಿಂದ ಒಳಗೆ ಒತ್ತಿ ಹಿಡಿದು ಎಸೆಸುತ್ತಿದ್ದೆ, ನೆನಪಿದೆಯಾ? ಈಗ ಅದು ಒಳಗೆ ನಿಲ್ಲುತ್ತದೋ ಇಲ್ಲವೋ ಒಮ್ಮೆ ನೋಡಬೇಕು. ನನ್ನ ಆಸೆ ಅಷ್ಟೇ. ನೀನು ಲೂಯಿವಿಲ್ ತಂಡಕ್ಕೆ ಬಂದರೆ ವಾರಕ್ಕೆ ಮೂರು ದಿನ ನೋಡಬಹುದು.

ಸಕ್ಕರೆ ಕಾಯಿಲೆ ಸ್ವಲ್ಪ ಕಣ್ಣಿಗೆ ಇಳಿದಿದೆಯಂತೆ. ದೊಡ್ಡದೇನಲ್ಲ. ಫೋನಿಗೆ ಸಾಲು ನಿಂತು ಜಗಳ ಕಾಯಲು ನನ್ನಿಂದ ಆಗದು. ಕಾಗದವನ್ನೇ ಬರೆ, ದಪ್ಪಗೆ ಬರೆ.

ನಿನ್ನ ಅಣ್ಣ,
ಎಮರಿ

———

ಜೂನ್ 24
ಸಿಯಾಟಲ್

ಎಮರಿ ಅಣ್ಣ,

ನಿನ್ನ ಕಾಗದ ಓದಿದ ದಿನವೇ ನನ್ನ ಕರಾರು ಕುದುರಿಸುವ ಏಜೆಂಟ್ ಹಾರ್ಗ್ರೋವ್ ಅವರಿಗೆ ಫೋನ್ ಮಾಡಿದೆ. "ಮೇಡಂ, ನನ್ನನ್ನ ಲೂಯಿವಿಲ್‌ಗೆ ಕಳ್ಸಿ" ಅಂದೆ. ಆಕೆ ನಕ್ಕು, "ನೀನ್ ಕೇಳೋದಕ್ಕೆ ಮೊದ್ಲೇ ಅವ್ರೇ ಕೇಳಿದಾರೆ ಕಣಪ್ಪ" ಅಂದರು. ಅಣ್ಣ, ನಾನು ಅಡುಗೆಮನೆಯಲ್ಲೇ ಕುಣಿದೆ.

ಅವರಿಗೆ ದೂರದಿಂದ ಎಸೆಯುವ ಆಟಗಾರ ಬೇಕಂತೆ. ತಂಡಗಳ ನಡುವೆ ಆಟಗಾರರ ಅದಲುಬದಲು ಆಗುವುದು ಫೆಬ್ರವರಿಯಲ್ಲಿ. ಆರನೇ ತಾರೀಕಿಗೆ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಆ ಋತು ಮುಗಿಯುವವರೆಗೆ ಯಾರೂ ಯಾರನ್ನೂ ಕೊಡುವ ಹಾಗಿಲ್ಲ. ಆದರೆ ಒಂದು ತೊಡಕಿದೆ. ನನ್ನ ಕರಾರು ಮುಂದಿನ ಬೇಸಿಗೆಗೆ ಮುಗಿಯುತ್ತದೆ. ಲೂಯಿವಿಲ್‌ನವರು ಇಬ್ಬರು ಆಟಗಾರರನ್ನು ಕೊಟ್ಟು ನನ್ನನ್ನು ತಂದ ಮೇಲೆ ನಾಲ್ಕೇ ತಿಂಗಳಲ್ಲಿ ನಾನು ಎದ್ದು ಹೋದರೆ ಅವರ ಗತಿ? ಅದಕ್ಕೆ, ಮೊದಲು ಸಿಯಾಟಲ್ ಜೊತೆಗೇ ಕರಾರು ಮುಂದುವರಿಸಿಕೊ, ಆ ಕರಾರಿನ ಸಮೇತ ನಿನ್ನನ್ನು ತರುತ್ತೇವೆ ಅನ್ನುತ್ತಿದ್ದಾರೆ. ಸಿಯಾಟಲ್‌ನವರೂ ಒಪ್ಪಿದ್ದಾರೆ.

ಕಾಗದ ತಯಾರಾದ ಕೂಡಲೇ ನಿನಗೆ ಕಳಿಸುತ್ತೇನೆ. ಅಮ್ಮ ಹೇಳಿದ ಮಾತು ನಾನು ಮರೆತಿಲ್ಲ. ಎಮರಿ ಓದದ ಕಾಗದಕ್ಕೆ ಈ ಮನೆಯಲ್ಲಿ ರುಜು ಬೀಳಕೂಡದು. ಕಾಲೇಜಿನ ಕಾಗದ, ಮೊದಲ ಕರಾರು, ಅಮ್ಮನ ಆಸ್ಪತ್ರೆಯ ಕಾಗದ, ಎಲ್ಲವನ್ನೂ ನೀನೇ ಓದಿದ್ದೆ.

ಕಣ್ಣಿನ ವಿಷಯ ಅರ್ಧ ಸಾಲಿನಲ್ಲಿ ದಾಟಿಸಿದ್ದೀಯ. ಸರಿಯಾಗಿ ಬರೆ.

ಕೇಲನ್

———

ಜುಲೈ 5

ಲೋ ಕಡ್ಡಿ,

ಸಂತೋಷಕ್ಕೆ ಏನು ಬರೆಯಬೇಕೋ ತೋಚುತ್ತಿಲ್ಲ. ಅಮೋಸ್‌ಗೆ ಹೇಳಿದೆ. ಅವನು ಊಟದ ಹಾಲಿನಲ್ಲಿ ಎಲ್ಲರಿಗೂ ಸಾರಿದ. ಟಿವಿ ಮುಂದಿನ ಮೊದಲ ಸಾಲಿನ ಕುರ್ಚಿ ಫೆಬ್ರವರಿಯಿಂದ ನನ್ನದೇ ಎಂದು ಈಗಲೇ ತೀರ್ಮಾನವಾಗಿದೆ. ಅದಕ್ಕೆ ಪ್ರತಿಯಾಗಿ ನಾನು ಎಂಟು ಪೊಟ್ಟಣ ನೂಡಲ್ಸ್ ಬಿಟ್ಟುಕೊಡಬೇಕು.

ಕಾಗದ ಕಳಿಸು. ಕ್ಲಿಪ್ಪು, ಪಿನ್ನು ಹಾಕಬೇಡ, ಹಾಕಿದರೆ ಹಿಂದಕ್ಕೆ ಬರುತ್ತದೆ. ಇನ್ನೊಂದು ಮಾತು. ಯಾರಾದರೂ ಅವಸರ ಮಾಡಿದರೆ ಅಲ್ಲಿಯೇ ನಿಲ್ಲು. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಆ ವಕೀಲ ಹೇಳಿದ್ದೂ ಅದೇ ತಾನೇ? "ಸಂಜೆ ಐದರೊಳಗೆ ರುಜು ಹಾಕು, ಐದರ ಮೇಲೆ ಈ ಅವಕಾಶ ಇರಲ್ಲ." ದರೋಡೆ ಮಾಡಿದ್ದು ಬೇರೆಯವರು, ಕಾರು ಓಡಿಸಿದ್ದು ಬಿಟ್ಟು ನಾನು ಇನ್ನೇನೂ ಮಾಡಿರಲಿಲ್ಲ. ತಪ್ಪೊಪ್ಪಿಗೆಯ ಕಾಗದಕ್ಕೆ ಓದದೆ ರುಜು ಹಾಕಿದೆ. ಅದರಲ್ಲಿ ಇಪ್ಪತ್ತೆರಡು ವರ್ಷ ಶಿಕ್ಷೆ ಎಂದಿತ್ತು.

ಕಣ್ಣಿಗೇನೂ ಆಗಿಲ್ಲ ಮಾರಾಯ. ಹೊಸ ಕನ್ನಡಕ ಬಂದಿದೆ. ಗೋಡೆಯ ಮೇಲಿನ ನಿಯಮಗಳ ಬೋರ್ಡನ್ನು ಈಗ ಹಾಸಿಗೆಯಲ್ಲಿ ಮಲಗಿಯೇ ಓದುತ್ತೇನೆ.

ನಿನ್ನ ಅಣ್ಣ,
ಎಮರಿ

———

ಜುಲೈ 22
ಸಿಯಾಟಲ್

ಅಣ್ಣ,

ಈ ಲಕೋಟೆಯಲ್ಲಿ ಕರಾರಿದೆ. ಮೇಲಿನ ಪುಟ ಹಾರ್ಗ್ರೋವ್ ಮೇಡಂ ಅವರದು. ನನಗೆ ತಿಳಿಯಬೇಕಾದ್ದನ್ನೆಲ್ಲ ಒಂದೇ ಪುಟದಲ್ಲಿ ಟೈಪ್ ಮಾಡಿದ್ದಾರಂತೆ. ನಾನು ಓದಿಲ್ಲ. ಓದಿದರೂ ನನ್ನ ತಲೆಗೆ ಹತ್ತುವುದಿಲ್ಲ, ನಿನಗೇ ಗೊತ್ತು. ಸಂಬಳದ ಮೊತ್ತವನ್ನು ಎರಡು ಬಗೆಯಲ್ಲಿ ಬರೆದಿದ್ದಾರೆ, ಒಂದು ದೊಡ್ಡದು, ಒಂದು ಸಣ್ಣದು. ಯಾವುದನ್ನು ಒಪ್ಪಬೇಕು ಎಂದೂ ನೀನೇ ಹೇಳಬೇಕು.

ಆಕೆ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾರೆ. "ಆಗಸ್ಟ್ ಐದರೊಳಗೆ ಮುಗಿಸ್ಬೇಕು ಕೇಲನ್, ತಾರೀಕು ಮುಖ್ಯ, ಎಲ್ಲ ಆ ಪುಟದಲ್ಲಿದೆ, ಓದು" ಅನ್ನುತ್ತಾರೆ. ಐದು ಎಂದು ಕೇಳಿದ ಕೂಡಲೇ ನಿನ್ನ ವಕೀಲನ ನೆನಪಾಯಿತು. ನಾನೂ ಗಟ್ಟಿಯಾಗಿ ಹೇಳಿದೆ. "ನಮ್ಮಣ್ಣ ಓದ್ಲಿ ಮೇಡಂ. ಅವನು ಹೂಂ ಅನ್ನದೆ ನಾನು ಪೆನ್ನು ಮುಟ್ಟಲ್ಲ." ಆಕೆ ಸಿಟ್ಟಿಗೆದ್ದು ಫೋನಿಟ್ಟರು. ಇಡಲಿ ಬಿಡು.

ಇಲ್ಲಿ ಬೇಸಿಗೆಯಲ್ಲೂ ಮೋಡ. ಮೀನು ತಿಂದು ತಿಂದು ಸಾಕಾಗಿದೆ. ಫೆಬ್ರವರಿಯಲ್ಲಿ ಊರಿಗೆ ಬಂದು ಮೊದಲು ಅಮ್ಮನ ಕೈರುಚಿಯ ಹಾಗೆ ಬೀನ್ಸು, ಜೋಳದ ರೊಟ್ಟಿ ಮಾಡುವವರು ಯಾರಾದರೂ ಇದ್ದಾರಾ ಹುಡುಕುತ್ತೇನೆ.

ಕೇಲನ್

———

ಆಗಸ್ಟ್ 11

ಲೋ ಕಡ್ಡಿ,

ಓದಿದೆ. ಒಂದಲ್ಲ, ಮೂರು ಸಲ ಓದಿದೆ. ಕೊನೆಯ ಸಾಲಿನವರೆಗೂ ಓದಿದೆ. ಮೋಸವೇನಿಲ್ಲ, ರುಜು ಹಾಕು.

ದೊಡ್ಡ ಮೊತ್ತಕ್ಕೇ ಹಾಕು. ನಿನ್ನ ಮೊಣಕಾಲು ಎಷ್ಟು ವರ್ಷ ತಡೆಯುತ್ತದೋ ಯಾರಿಗೆ ಗೊತ್ತು? ಬರುವುದನ್ನು ಬಿಡಬೇಡ. ತಡವಾಯಿತು ಎಂದು ಬೇಸರಿಸಬೇಡ. ಇಲ್ಲಿನ ಅಂಚೆಯ ಕಥೆ ನಿನಗೆ ಗೊತ್ತೇ ಇದೆ.

ಇನ್ನು ಆರು ತಿಂಗಳು ಅಷ್ಟೆ. ಅಮೋಸ್ ಗೋಡೆಯ ಮೇಲೆ ಲೂಯಿವಿಲ್ ತಂಡದ ಅಂಗಿ ಬಿಡಿಸಿ, ಅದರಲ್ಲಿ ನಿನ್ನ ಹೆಸರು ಬರೆದಿದ್ದಾನೆ.

ನಿನ್ನ ಅಣ್ಣ,
ಎಮರಿ

———

ಆಗಸ್ಟ್ 18
ಸಿಯಾಟಲ್

ಅಣ್ಣ,

ನಿನ್ನೆ ರುಜು ಹಾಕಿದೆ. ಫೋಟೋ ತೆಗೆದರು, ಕೈ ಕುಲುಕಿದರು. ರುಜು ಹಾಕುವ ಮುಂಚೆ ಹಾರ್ಗ್ರೋವ್ ಮೇಡಂ ಒಂದೇ ಪ್ರಶ್ನೆ ಕೇಳಿದರು. "ನಾನ್ ಬರೆದ ಪುಟ ನಿಮ್ಮಣ್ಣ ಓದಿದ್ರಾ?" ಮೂರು ಸಲ ಓದಿದ್ದಾನೆ, ದೊಡ್ಡ ಮೊತ್ತಕ್ಕೇ ಹಾಕು ಅಂದಿದ್ದಾನೆ ಎಂದೆ. "ಸರಿ, ಹಾಗಾದ್ರೆ ನೀವಿಬ್ರೂ ತೀರ್ಮಾನ ಮಾಡಿದೀರ" ಎಂದು ಪೆನ್ನು ಕೊಟ್ಟರು. ಹೊರಗೆ ಬಂದು ಕಾರು ಹತ್ತುವಾಗ, "ಲೂಯಿವಿಲ್ ಕೈತಪ್ಪಿತು, ಪಾಪ. ಅವ್ರಿಗೆ ನಾನೇ ಹೇಳ್ತೀನಿ" ಅಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರು ಬಿಡಿಸಿ ಹೇಳಿದರು. ಮುಂದುವರಿಸಿದ ಕರಾರಿನಲ್ಲಿ ಸಂಬಳ ಒಂದು ಮಿತಿಯನ್ನು ದಾಟಿದರೆ, ರುಜು ಹಾಕಿದ ದಿನದಿಂದ ಆರು ತಿಂಗಳು ಆ ಆಟಗಾರನನ್ನು ಬೇರೆ ತಂಡಕ್ಕೆ ಕೊಡುವ ಹಾಗಿಲ್ಲ. ಆಗಸ್ಟ್ ಐದರೊಳಗೆ ಹಾಕಿದ್ದರೆ ಫೆಬ್ರವರಿಯ ಬಾಗಿಲು ಮುಚ್ಚುವ ಮುಂಚೆ ನನಗೆ ಬಿಡುಗಡೆ ಆಗುತ್ತಿತ್ತು. ಹದಿನೇಳಕ್ಕೆ ಹಾಕಿದೆ. ಫೆಬ್ರವರಿ ಹದಿನೇಳರವರೆಗೆ ನನ್ನನ್ನು ಯಾರೂ ಮುಟ್ಟುವ ಹಾಗಿಲ್ಲ. ಬಾಗಿಲು ಆರಕ್ಕೆ ಮುಚ್ಚುತ್ತದೆ. ಹನ್ನೊಂದು ದಿನ ಅಣ್ಣ. ತಡವಾಗಿದ್ದರೂ ಸಣ್ಣ ಮೊತ್ತಕ್ಕೆ ಒಪ್ಪಿದ್ದರೆ ಯಾವ ತಡೆಯೂ ಇರಲಿಲ್ಲವಂತೆ. ಇದೆಲ್ಲ ಆ ಪುಟದಲ್ಲಿ ಸ್ಪಷ್ಟವಾಗಿತ್ತಂತೆ.

ನೀನು ಓದಿದ್ದೆಯಲ್ಲ? ಓದಿದ ಮೇಲೂ ದೊಡ್ಡದಕ್ಕೇ ಹಾಕು ಎಂದೆ. ನಿನ್ನ ಮನಸ್ಸಿನಲ್ಲಿ ಬೇರೇನೋ ಇರಬೇಕು. ಏನು ಅಂತ ನನಗೂ ಹೇಳು.

ಕೇಲನ್

———

ಸೆಪ್ಟೆಂಬರ್ 3

ಕೇಲನ್,

ಹೌದು, ಆ ಪುಟ ನೋಡಿದ್ದೆ. ನೋಡಿಯೇ ಹೇಳಿದೆ.

ನೀನು ಇಲ್ಲಿಗೆ ಬರುವುದು ಬೇಡ ಎನ್ನಿಸಿತು. ಒಬ್ಬ ಕೈದಿ ಟಿವಿ ನೋಡಲಿ ಎಂದು ಯಾರಾದರೂ ತಂಡ ಬದಲಾಯಿಸುತ್ತಾರೇನೋ? ಜೂನ್‌ನಲ್ಲಿ ಏನೋ ಹುಚ್ಚು ಹುಚ್ಚಾಗಿ ಬರೆದಿದ್ದೆ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಸಿಯಾಟಲ್ ಒಳ್ಳೆಯ ಊರು. ಅಲ್ಲಿಯೇ ಇರು.

ಎಮರಿ

———

ಸೆಪ್ಟೆಂಬರ್ 20
ಸಿಯಾಟಲ್

ಎಮರಿ,

ನಿನಗೆ ಬೇಡವಾಗಿದ್ದರೆ ಮೊದಲೇ ಹೇಳಬಹುದಿತ್ತು. ನಾನು ಹೆಡ್ಡನ ಹಾಗೆ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ನಿನ್ನ ಜೈಲಿನಿಂದ ಎಷ್ಟು ಮೈಲಿ ಎಂದು ಮೊದಲು ನೋಡಿ, ಆಮೇಲೆ ಮನೆ ನೋಡುತ್ತಿದ್ದೆ.

ಅಮ್ಮ ಹೋದ ಮೇಲೆ ನನಗೆ ನೀನೊಬ್ಬನೇ ಇದ್ದದ್ದು. ನೀನು ನನ್ನನ್ನು ಕೇಳದೆ ನನ್ನ ಬಾಗಿಲು ಮುಚ್ಚಿದೆ. ಆ ವಕೀಲನಿಗೂ ನಿನಗೂ ಏನು ವ್ಯತ್ಯಾಸ?

ಕೇಲನ್

———

ಡಿಸೆಂಬರ್ 19

ಲೋ ಕಡ್ಡಿ,

ಮೂರು ತಿಂಗಳು ನೀನು ಬರೆಯಲಿಲ್ಲ. ನಾನೂ ಬರೆಯಲಿಲ್ಲ. ತಪ್ಪು ನನ್ನದೇ, ಹಾಗಾಗಿ ನಾನೇ ಮೊದಲು ಬರೆಯುತ್ತಿದ್ದೇನೆ.

ಸಾಲು ಸೊಟ್ಟಗಿದ್ದರೆ ಬೈಯಬೇಡ, ಮಂಚದ ಮೇಲೆ ಮಲಗಿ ಬರೆಯುತ್ತಿದ್ದೇನೆ. ಜನವರಿ ಹದಿನಾಲ್ಕಕ್ಕೆ ನಿಮ್ಮ ತಂಡ ಲೂಯಿವಿಲ್‌ಗೆ ಬರುತ್ತದೆಯಂತೆ. ಹೊಸ ಆಂಟೆನಾ ಹಾಕಿದ್ದಾರೆ. ಈ ಸಲ ಯಾರೂ ಹೊಡೆದಾಡುವುದಿಲ್ಲ ಎಂದು ಅಮೋಸ್ ಎಲ್ಲರ ಹತ್ತಿರ ಮಾತು ತೆಗೆದುಕೊಂಡಿದ್ದಾನೆ. ನೀನು ಕಾಲು ಉಳುಕಿಸಿಕೊಳ್ಳದೆ ಬಾ. ಒಂದು ಆಟವಾದರೂ ನೋಡುತ್ತೇನೆ.

ಹಬ್ಬದ ಊಟಕ್ಕೆ ಟರ್ಕಿ ಕೋಳಿ ಕೊಡುತ್ತಾರಂತೆ. ಹೋದ ಸಲ ಕೊಟ್ಟಿದ್ದು ಚಪ್ಪಲಿ ಅಗಿದ ಹಾಗಿತ್ತು.

ನಿನ್ನ ಅಣ್ಣ,
ಎಮರಿ

———

ಜನವರಿ 3
ಸಿಯಾಟಲ್

ಅಣ್ಣ,

ನಿನ್ನ ಕಾಗದ ಬಂದಾಗ ಸಿಟ್ಟಿನಿಂದಲೇ ಬಿಚ್ಚಿದೆ, "ಕಡ್ಡಿ" ಎಂದು ಓದಿದ ಕೂಡಲೇ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾನು ಬರೆದ ಕೊನೆಯ ಸಾಲು ಮರೆತುಬಿಡು. ಬರೆದ ದಿನದಿಂದ ಅದು ನನ್ನನ್ನು ಕೊರೆಯುತ್ತಿದೆ.

ಹದಿನಾಲ್ಕನೇ ತಾರೀಕಿನ ಆಟಕ್ಕೆ ನಿನಗಾಗಿ ಒಂದು ಏರ್ಪಾಡು ಮಾಡಿದ್ದೇನೆ. ಕಣ್ಣು ಕುಕ್ಕುವಂಥ ಹಳದಿ ಬೂಟು ಮಾಡಿಸಿದ್ದೇನೆ. ಹತ್ತು ಜನರ ನಡುವೆ ನಾನು ಯಾರು ಎಂದು ಹುಡುಕುವ ಕಷ್ಟ ನಿನಗೆ ಬೇಡ. ಹಳದಿ ಬೂಟು ಕಂಡರೆ ಅದು ನಾನು. ಆಮೇಲೆ ಮೇಲಕ್ಕೆ ನೋಡು, ಮೊಣಕೈ ಒಳಗಿದೆಯೋ ಹೊರಗಿದೆಯೋ ಹೇಳು.

ಅವತ್ತು ಮಂಗಳವಾರ, ಅಲ್ಲಿ ಭೇಟಿಗೆ ಬಿಡುವುದು ಶನಿವಾರ ಭಾನುವಾರ ಮಾತ್ರ. ಆಟ ಮುಗಿದ ಕೂಡಲೇ ವಿಮಾನ. ಅಷ್ಟು ಹತ್ತಿರ ಬಂದೂ ನಿನ್ನನ್ನು ನೋಡಲಾಗುವುದಿಲ್ಲ. ನೀನು ನೋಡು, ಸಾಕು.

ಕೇಲನ್

———

ಜನವರಿ 15

ಲೋ ಕಡ್ಡಿ,

ನೋಡಿದೆ! ನಿನ್ನೆ ನೋಡಿದೆ! ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದೆ.

ಇಪ್ಪತ್ತಮೂರು ಅಂಕ! ಮೂರನೇ ಭಾಗದಲ್ಲಿ ಬಿಡದೆ ನಾಲ್ಕು ಸಲ ದೂರದಿಂದ ಹಾಕಿದೆಯಲ್ಲ, ಇಲ್ಲಿ ಕಾವಲಿನವನೂ ಎದ್ದು ನಿಂತ. ಹಳದಿ ಬೂಟು ಏನು ಹೊಳೆಯುತ್ತಿತ್ತು ಮಾರಾಯ, ನೀನು ಓಡಿದರೆ ಎರಡು ನಿಂಬೆಹಣ್ಣು ಉರುಳಿದ ಹಾಗೆ! ಆ ಹಳದಿ ನೋಡುತ್ತಾ ನಿನ್ನನ್ನು ಒಂದು ಕ್ಷಣವೂ ಬಿಡಲಿಲ್ಲ.

ಮೊಣಕೈ ಒಳಗೇ ಇದೆ. ಒಂದು ಕೂದಲೆಳೆಯೂ ಹೊರಗೆ ಹೋಗಲಿಲ್ಲ. ನನ್ನ ಕೆಲಸ ಮುಗಿಯಿತು. ಇನ್ನು ಫೆಬ್ರವರಿ ಬಂದರೂ ಹೋದರೂ ನನಗೇನೂ ಅಲ್ಲ.

ನಿನ್ನ ಅಣ್ಣ,
ಎಮರಿ

———

ಜನವರಿ 23
ಸಿಯಾಟಲ್

ಅಣ್ಣ,

ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ಖುಷಿಯಲ್ಲಿ ನನಗೆ ಏನೂ ಹೊಳೆಯಲಿಲ್ಲ. ಎರಡನೇ ಸಲ ಓದಿದಾಗ ಹೊಳೆಯಿತು.

ಹಳದಿ ಬೂಟು ಬರಲಿಲ್ಲ ಅಣ್ಣ. ಆ ಪೆಟ್ಟಿಗೆ ವಿಮಾನದಲ್ಲಿ ಬೇರೆ ಊರಿಗೆ ಹೋಗಿತ್ತು. ಮೂರು ದಿನ ಆದ ಮೇಲೆ ಸಿಕ್ಕಿತು. ಅವತ್ತು ನಾನು ಹಾಕಿಕೊಂಡಿದ್ದು ಕಪ್ಪು ಬೂಟು, ಎಲ್ಲರ ಹಾಗೆ. ಅಂಕ, ನಾಲ್ಕು ಎಸೆತ, ಇವೆಲ್ಲ ಟಿವಿಯವರು ಬಾಯಲ್ಲಿ ಹೇಳಿದ್ದು. ಬೂಟಿನ ವಿಷಯ ನಾನು ಬರೆದಿದ್ದು.

ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದೆ. ಜೂನ್‌ನ ಅಕ್ಷರ, ಆಗಸ್ಟ್‌ನ ಅಕ್ಷರ, ಈಗಿನ ಅಕ್ಷರ. ಈಗಿನದರಲ್ಲಿ ಒಂದು ಸಾಲು ಇನ್ನೊಂದರ ಮೇಲೆ ಹತ್ತಿದೆ. ಇಷ್ಟು ದಿನ ನನ್ನ ಕಣ್ಣಿಗೂ ಏನಾಗಿತ್ತೋ.

ನಿನಗೆ ಎಷ್ಟು ಕಾಣುತ್ತದೆ? ಆಗಸ್ಟ್‌ನಲ್ಲಿ ಆ ಕಾಗದ ಓದಿದೆಯಾ? ಇನ್ನೇನೂ ಬರೆಯಬೇಡ, ಇದಕ್ಕೆ ಉತ್ತರ ಬರೆ.

ಕೇಲನ್

———

ಫೆಬ್ರವರಿ 1

ಲೋ ಕಡ್ಡಿ,

ಈ ಅಕ್ಷರ ಅಮೋಸ್‌ನದು. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ನಿನ್ನ ಕಾಗದ ಓದಿದ್ದೂ ಅವನೇ.

ಓದಲಿಲ್ಲ.

ಆ ಲಕೋಟೆ ಜುಲೈ 29ಕ್ಕೆ ನನ್ನ ಕೈಗೆ ಬಂತು. ಇಲ್ಲಿ ಅಸಲು ಕಾಗದ ಕೊಡುವುದಿಲ್ಲ, ನಕಲು ತೆಗೆದು ಕೊಡುತ್ತಾರೆ. ನಾಲ್ಕು ನಾಲ್ಕು ಪುಟಗಳನ್ನು ಒಂದೊಂದು ಹಾಳೆಗೆ ಕುಗ್ಗಿಸಿದ್ದರು. ನಿನ್ನ ದಪ್ಪ ಅಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಆಗಿನ್ನೂ ಓದಬಹುದಿತ್ತು. ಕರಾರಿನ ಅಚ್ಚಿನ ಅಕ್ಷರ ಮಾತ್ರ ಹಾಳೆಯ ಮೇಲೆ ಸಾಸಿವೆ ಚೆಲ್ಲಿದ ಹಾಗಿತ್ತು. ಹೊಸ ಕನ್ನಡಕ ಬಂದಿದೆ ಎಂದು ನಿನಗೆ ಬರೆದಿದ್ದು ಸುಳ್ಳು. ಕಣ್ಣಿನ ಡಾಕ್ಟರು ಆಗಸ್ಟ್ ಎಂಟಕ್ಕೆ ಬರುವವರಿದ್ದರು. ಅವರು ಕನ್ನಡಕ ಕೊಡುತ್ತಾರೆ, ಆಮೇಲೆ ಓದೋಣ ಎಂದು ಕಾದೆ. ಅವರು ಬಂದರು, ದೀಪ ಹಾಕಿ ನೋಡಿದರು, "ಇದಕ್ಕೆ ಕನ್ನಡಕದಿಂದ ಪ್ರಯೋಜನ ಇಲ್ಲಪ್ಪ" ಎಂದು ಹೋದರು.

ಮೂರು ದಿನ ಆ ಹಾಳೆಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅಮೋಸ್ ಎರಡಡಿ ದೂರದಲ್ಲಿ ಮಲಗಿರುತ್ತಿದ್ದ. ಒಂದು ಮಾತು ಕೇಳಿದ್ದರೆ ಹತ್ತು ನಿಮಿಷದಲ್ಲಿ ಓದಿ ಹೇಳುತ್ತಿದ್ದ. ಕೇಳಲಿಲ್ಲ. ಈ ಹದಿಮೂರು ವರ್ಷದಲ್ಲಿ ನಿನಗೆ ನಾನು ಮಾಡುತ್ತಿದ್ದದ್ದು ಅದೊಂದೇ ಕೆಲಸ. ನಿನ್ನ ಕಾಗದ ಓದುವುದು. ಅದೂ ನನ್ನ ಕೈಲಿ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ, ನಿನಗೆ ಅಣ್ಣ ಎಂದು ನಾನು ಇನ್ನು ಯಾತಕ್ಕೆ ಇರಬೇಕು? ದೊಡ್ಡ ಮೊತ್ತ ಒಳ್ಳೆಯದೇ ಇರುತ್ತದೆ, ಅದರಲ್ಲೇನು ಓದುವುದು ಎಂದು ನನಗೆ ನಾನೇ ಹೇಳಿಕೊಂಡು, ಓದಿದೆ ಎಂದು ಬರೆದೆ.

(ಇದು ಅಮೋಸ್. ಓದಿಕೊಡುತ್ತಿದ್ದೆ ಮಗು. ಅವನಿಗೆ ಕಾಣುತ್ತಿಲ್ಲ ಎಂದು ನನಗೂ ತಿಳಿದಿರಲಿಲ್ಲ. ಪುಟ ತಿರುಗಿಸುತ್ತಾ ಕೂತಿರುತ್ತಿದ್ದ.)

ಆಮೇಲೆ ನೀನು, ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ. ಕುರುಡ ಎನ್ನಿಸಿಕೊಳ್ಳುವುದಕ್ಕಿಂತ ಕಲ್ಲೆದೆಯವನು ಎನ್ನಿಸಿಕೊಳ್ಳುವುದು ವಾಸಿ ಎಂದು ಆ ಸೆಪ್ಟೆಂಬರ್ ಕಾಗದ ಬರೆದೆ. ಬರೆದು, ಮುಖ ಗೋಡೆಗೆ ಮಾಡಿ ಅತ್ತೆ.

ಬೂಟಿನ ವಿಷಯ ಬರೆದ ನಿನ್ನ ಕಾಗದವನ್ನು ಮೂಗಿಗೆ ತಾಗಿಸಿಕೊಂಡು ಒಂದೊಂದೇ ಅಕ್ಷರ ಹಿಡಿದು ಎರಡು ದಿನ ಓದಿದ್ದೆ. ಆದರೆ ಜನವರಿಯ ಹೊತ್ತಿಗೆ ಟಿವಿ ನನಗೆ ಬರೀ ಒಂದು ಬೆಳಕಿನ ಚೌಕ. ಅದರಲ್ಲಿ ಏನೋ ಅಲ್ಲಾಡುತ್ತಿತ್ತು. ಅದರಲ್ಲಿ ನೀನೂ ಇದ್ದೀಯ ಎಂದು ಗೊತ್ತಿತ್ತು. ಹಳದಿ ಎಲ್ಲಾದರೂ ಕಾಣುತ್ತದಾ ಎಂದು ಎರಡು ಗಂಟೆ ಹುಡುಕಿದೆ. ನಿನ್ನ ಬೂಟೇ ಕಪ್ಪು ಎಂದು ಈಗ ತಿಳಿಯಿತು. ಎಲ್ಲರೂ ಕೂಗಿದಾಗ ನಾನೂ ಕೂಗಿದೆ.

ನಿನ್ನ ಮೊಣಕೈ ಒಳಗಿದೆಯೋ ಹೊರಗಿದೆಯೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಎಮರಿ

———

ಫೆಬ್ರವರಿ 17
ಸಿಯಾಟಲ್

ಅಣ್ಣ,

ಅಮೋಸ್ ಅವರೇ, ಇದನ್ನು ನಿಧಾನವಾಗಿ ಓದಿ ಹೇಳಿ.

ಆರನೇ ತಾರೀಕು ಬಾಗಿಲು ಮುಚ್ಚುವ ಒಂದು ಗಂಟೆ ಮುಂಚೆ ಲೂಯಿವಿಲ್‌ನವರು ಬೇರೊಬ್ಬನನ್ನು ತೆಗೆದುಕೊಂಡರು. ನನಗಾಗಿ ಇಟ್ಟಿದ್ದ ಇಬ್ಬರು ಆಟಗಾರರನ್ನೇ ಅವನಿಗೆ ಕೊಟ್ಟರು. ಅವನ ಕರಾರು ಇನ್ನೂ ನಾಲ್ಕು ವರ್ಷ ಇದೆ. ಬೇಸಿಗೆಯಲ್ಲಾದರೂ ನೋಡೋಣವೇ ಎಂದು ಹಾರ್ಗ್ರೋವ್ ಮೇಡಂ ಅವರನ್ನು ಕೇಳಿದೆ. "ಬೇಸಿಗೆಯಿಂದ ನಿನ್ ದೊಡ್ಡ ಸಂಬಳ ಶುರು ಆಗತ್ತೆ. ಅಷ್ಟೇ ಸಂಬಳದ ಆಟಗಾರರನ್ನ ಬದ್ಲಿಗೆ ಕೊಡೋಕೆ ಅವ್ರ ಹತ್ರ ಈಗ ಯಾರೂ ಉಳಿದಿಲ್ಲ ಕಣಪ್ಪ. ಆ ಊರಿನ ಆಸೆ ಬಿಟ್ಬಿಡು" ಅಂದರು. ಈ ಸಲ ಅವರು ಸಿಟ್ಟು ಮಾಡಲಿಲ್ಲ.

ಇವತ್ತಿಗೆ ಆರು ತಿಂಗಳು ಮುಗಿಯಿತು. ಇವತ್ತಿನಿಂದ ನನಗೆ ಯಾವ ತಡೆಯೂ ಇಲ್ಲ. ಬೆಳಿಗ್ಗೆ ಎದ್ದು ಅದನ್ನೇ ನೆನೆದು ನಗಬೇಕೋ ಅಳಬೇಕೋ ತಿಳಿಯದೆ ಮಂಚದ ಮೇಲೆ ಕೂತಿದ್ದೆ.

ಇಲ್ಲಿ ಒಬ್ಬ ದೊಡ್ಡ ಕಣ್ಣಿನ ಡಾಕ್ಟರಿಗೆ ನಿನ್ನ ಆಸ್ಪತ್ರೆಯ ಕಾಗದಗಳನ್ನು ತರಿಸಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಹೋದ ವರ್ಷ ಬಂದಿದ್ದರೆ ಎಂದರು. ಕಾಗದಗಳನ್ನು ಮಡಿಸಿ ಹಿಂದಕ್ಕೆ ಕೊಟ್ಟರು.

ಜುಲೈನಲ್ಲಿ ಆ ಮೇಲಿನ ಪುಟವನ್ನು ನಾನು ಒಂದೇ ಒಂದು ಸಲ ಓದಿದ್ದರೂ ಸಾಕಾಗಿತ್ತು. ನಿನ್ನೆ ಓದಿದೆ. ಅರ್ಧ ಪುಟ ಇದೆ. ನನಗೂ ಅರ್ಥವಾಯಿತು. ನಿನ್ನ ಮೇಲೆ ಹೊರಿಸಿ ನಾನು ಹಾಯಾಗಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಲು ಹೊರಟೆ, ಅದು ಪೂರ್ತಿ ನಿಜವಲ್ಲ. ಆಗಾಗ ಬರುತ್ತದೆ, ಹೋಗುತ್ತದೆ. ಸುಳ್ಳು ಸಾಕು ನಮಗೆ.

ಮೇ ತಿಂಗಳಲ್ಲಿ ಬರುತ್ತೇನೆ. ಮೇಜಿನ ಈ ಕಡೆ ಕೂತಿರುತ್ತೇನೆ.

ಕೇಲನ್

———

ಮಾರ್ಚ್ 2

ಲೋ ಕಡ್ಡಿ,

ಅಮೋಸ್ ನಿನ್ನ ಕಾಗದವನ್ನು ಎರಡು ಸಲ ಓದಿ ಹೇಳಿದ. ಸಿಟ್ಟು ಬರುತ್ತದೆ ಎಂದು ಬರೆದೆಯಲ್ಲ, ಒಳ್ಳೆಯದು ಮಾಡಿದೆ. ಬರಲಿ.

ಆ ಹೊಸ ಆಟಗಾರನ ಆಟ ಇಲ್ಲಿ ವಾರಕ್ಕೆ ಮೂರು ದಿನ ಬರುತ್ತದೆ. ಮೊದಲ ಸಾಲಿನ ಕುರ್ಚಿ ಬಿಟ್ಟುಕೊಟ್ಟೆ. ನೂಡಲ್ಸ್ ವಾಪಸ್ ಕೊಡಲು ಬಂದರು, ಬೇಡ ಅಂದೆ. ಗೋಡೆಯ ಮೇಲಿನ ನಿನ್ನ ಹೆಸರಿನ ಅಂಗಿಯನ್ನು ಅಮೋಸ್ ಒರೆಸಿಬಿಟ್ಟನಂತೆ. ಒರೆಸಿದನೋ ಇಲ್ಲವೋ ನಾನು ಹೇಗೆ ಹೇಳಲಿ?

(ಒರೆಸಿಲ್ಲ. ಅಮೋಸ್.)

ಇನ್ನು ಮುಂದೆ ಯಾವ ಕಾಗದವನ್ನೂ ನನಗೆ ಕಳಿಸಬೇಡ. ನೀನೇ ಓದು. ತಲೆಗೆ ಹತ್ತದಿದ್ದರೆ ಹತ್ತುವವರೆಗೆ ಓದು. ಅಮ್ಮ ಹೇಳಿದ್ದು ಅಮ್ಮನ ಕಾಲಕ್ಕೆ ಆಯಿತು.

ಮೇ ತಿಂಗಳಲ್ಲಿ ಬರುತ್ತೇನೆ ಎಂದಿದ್ದೀಯ. ಬಂದರೆ ಮಾತಾಡು, ಸುಮ್ಮನೆ ಕೂತರೆ ನೀನು ಇದ್ದೀಯೋ ಎದ್ದು ಹೋದೆಯೋ ನನಗೆ ಗೊತ್ತಾಗುವುದಿಲ್ಲ. ಒಂದು ಸಲ ಎದ್ದು ನಿಂತು ಚೆಂಡು ಎಸೆಯುವ ಹಾಗೆ ಕೈ ಎತ್ತು. ಕಾವಲಿನವರು ಬಿಟ್ಟರೆ ನಿನ್ನ ಮೊಣಕೈ ಮುಟ್ಟಿ ನೋಡುತ್ತೇನೆ. ಬಿಡುವುದಿಲ್ಲ, ಮುಟ್ಟಲು ಬಿಡುವುದಿಲ್ಲ ಇಲ್ಲಿ. ಆದರೂ ಕೈ ಎತ್ತು.

ಇದನ್ನೆಲ್ಲ ಅಮೋಸ್ ಬರೆದ. ನಾನು ಹೇಳಿದಷ್ಟನ್ನೇ ಬರೆದನೋ, ನಡುವೆ ತನ್ನದನ್ನೂ ಸೇರಿಸಿದನೋ, ಓದಿ ನೋಡುವ ಹಾಗಿಲ್ಲ. ಪೆನ್ನನ್ನು ಕೈಗೆ ಕೊಟ್ಟಿದ್ದಾನೆ. ನನ್ನ ಬೆರಳನ್ನು ಹಾಳೆಯ ಮೇಲೆ ಒಂದು ಕಡೆ ಇಟ್ಟು, "ಇಲ್ಲಿ ಹಾಕು" ಅನ್ನುತ್ತಿದ್ದಾನೆ.

ಹಾಕುತ್ತಿದ್ದೇನೆ.

ಎಮರಿ